ಕಾದ ಬೈಕಿನ ಮೇಲೆ ಲಗ್ನಪತ್ರಿಕೆ ಹಂಚಿದ್ದು

ಏಪ್ರಿಲ್ ಕೊನೆಯ ವಾರದ ಒಂದು ಬುಧವಾರ ಬೆಳಿಗ್ಗೆ ಆರಕ್ಕೇ ಚಿತ್ರದುರ್ಗ ಬಿಡಬೇಕೆಂದು ನಾವು ಗಂಡ ಹೆಂಡತಿ ತೀರ್ಮಾನಿಸಿದ್ದೆವು. ಬಿಟ್ಟಾಗ ಒಂಬತ್ತೂವರೆ. ತಪ್ಪು ನನ್ನದೇ. ಯಾರ್ಯಾರ ಮನೆಗೆ ಪತ್ರಿಕೆ ಕೊಡಬೇಕೆಂದು ಬರೆದಿಟ್ಟಿದ್ದ ಪಟ್ಟಿ ಕಾಣದೆ ಮನೆಯೆಲ್ಲ ಜಾಲಾಡಿದೆ. ಕೊನೆಗೆ ಅದು ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಸಿಕ್ಕಿತು. ಅಷ್ಟು ಹೊತ್ತೂ ನಮ್ಮನೆಯವರು ಗೇಟಿನ ಹತ್ತಿರ ಬೈಕಿನ ಮೇಲೆ ಹೆಲ್ಮೆಟ್ಟು ಹಾಕಿಕೊಂಡೇ ಕುಳಿತಿದ್ದರು. ಎರಡು ಸಲ ಕಾಫಿಯನ್ನೂ ಅಲ್ಲಿಗೇ ತರಿಸಿಕೊಂಡು ಕುಡಿದರು.

ಮಗಳು ರಂಜಿತಾಳ ಮದುವೆ ಮೇ ತಿಂಗಳಲ್ಲಿತ್ತು. ನಮ್ಮ ಕಡೆ ಲಗ್ನಪತ್ರಿಕೆಯನ್ನು ಮೊಬೈಲಿನಲ್ಲಿ ಕಳಿಸಿದರೆ ಕರೆದ ಹಾಗಲ್ಲ. ಗಂಡ ಹೆಂಡತಿ ಜೋಡಿಯಾಗಿ ಹೊಸಲಿಗೆ ಹೋಗಬೇಕು, ಕುಂಕುಮ ಕೊಟ್ಟು ಪತ್ರಿಕೆಯನ್ನು ಕೈಗಿಡಬೇಕು, ಕುಳಿತು ಒಂದು ಲೋಟ ಕಾಫಿಯನ್ನಾದರೂ ಕುಡಿದು ಏಳಬೇಕು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರು, ಬೇಸಿಗೆ ರಜೆ ಸಿಕ್ಕಿತ್ತು. ನಮ್ಮನೆಯವರು ತಾಲ್ಲೂಕು ಆಫೀಸಿನ ಗುಮಾಸ್ತರು, ಮೂರು ದಿನ ರಜೆ ಹಾಕಿದ್ದರು. ಹಿರಿಯೂರು, ಮಾರಿಕಣಿವೆ, ಹೊಸದುರ್ಗ, ಹೊಳಲ್ಕೆರೆ, ಮತ್ತೆ ದುರ್ಗ. ಹೀಗೊಂದು ಸುತ್ತು ಹಾಕಿ ಬರುವುದೆಂದು ನಾನೇ ದಾರಿ ಹಾಕಿದೆ.

ಗಾಡಿ ನಮ್ಮಪ್ಪನದು. ಸುಮಾರು ಐವತ್ತು ವರ್ಷ ಹಳೆಯದು, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಜಾತಿ. ಇಂಜಿನ್ನಿನ ಸುತ್ತ ಬಾಚಣಿಗೆ ಹಲ್ಲಿನ ಹಾಗೆ ಸಾಲುಸಾಲು ಪಟ್ಟಿಗಳಿವೆ. ಅವು ಯಾಕಿವೆ ಎಂದು ಈ ಪ್ರವಾಸದವರೆಗೂ ನಾನು ಯಾರನ್ನೂ ಕೇಳಿರಲಿಲ್ಲ. ನನ್ನ ಚಿಂತೆಯೆಲ್ಲ ಹೊಸ ರೇಷ್ಮೆ ಸೀರೆಯದು. ಧೂಳು ಹೊಡೆದರೆ ಗತಿಯೇನು ಎಂದು ಹಟ ಮಾಡಿ, ಮುಂದಿನ ಲೆಗ್‌ಗಾರ್ಡಿಗೆ ಅಡ್ಡಲಾಗಿ ಮೆರೂನ್ ಬಣ್ಣದ ರೆಕ್ಸಿನ್ ಹೊಲಿಸಿ ಬಿಗಿಯಾಗಿ ಕಟ್ಟಿಸಿದ್ದೆ. ಚೆನ್ನಾಗಿಯೂ ಕಾಣುತ್ತಿತ್ತು.

ಈ ಗಾಡಿಯಲ್ಲೇ ಯಾಕೆ ಹೋಗಬೇಕು ಅನ್ನುವುದಕ್ಕೆ ನಮ್ಮಣ್ಣ ತಿಪ್ಪೇಸ್ವಾಮಿಯ ವಿಷಯ ಹೇಳಬೇಕು. ಅಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಹೊಳಲ್ಕೆರೆ ಸುತ್ತಿನ ಹಳ್ಳಿಗಳನ್ನೆಲ್ಲ ಇದೇ ಬೈಕಿನಲ್ಲಿ ತಿರುಗಿದ್ದರು. ಅಣ್ಣ ಮೀಸೆ ಮೂಡುವ ಮೊದಲೇ ಇದನ್ನು ಓಡಿಸಲು ಕಲಿತ. ಓಡಿಸುವುದಲ್ಲ, ಹಾರಿಸುತ್ತಿದ್ದ. ಒಂಬತ್ತು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದಾಗ, ನೆಂಟರೆಲ್ಲ ಕುಳಿತಿದ್ದಾಗ, "ನೀನು ಓಡ್ಸೋ ಸ್ಪೀಡಿಗೆ ಗಾಡಿನೂ ಉಳಿಯಲ್ಲ, ನೀನೂ ಉಳಿಯಲ್ಲ" ಎಂದು ಅವನಿಗೆ ಹೇಳಿ, ಕೀಲಿಯನ್ನು ಅಳಿಯನ ಕೈಗಿಟ್ಟರು. ಅಣ್ಣ ಎಲ್ಲರೆದುರು ತಲೆ ತಗ್ಗಿಸಿ ಎದ್ದುಹೋದ. ಅಪ್ಪನ ಕಾರ್ಯ ಮುಗಿದ ಮೇಲೆ ನಮ್ಮ ಮನೆಯ ಹೊಸಲು ತುಳಿದಿಲ್ಲ, ನನ್ನೊಡನೆ ಒಂದು ಮಾತಾಡಿಲ್ಲ. ಹಬ್ಬಕ್ಕೊಮ್ಮೆ ಅತ್ತಿಗೆ ಮಾತ್ರ ಅವನಿಗೆ ಕಾಣದ ಹಾಗೆ ಫೋನ್ ಮಾಡುತ್ತಿದ್ದಳು.

ಈಗ ಹೇಗಿದ್ದರೂ ಅವನು ಬರಲೇಬೇಕಿತ್ತು. ಮದುಮಗಳನ್ನು ಮಂಟಪಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ಬೇರೆ ಯಾರನ್ನಾದರೂ ಆ ಜಾಗದಲ್ಲಿ ನಿಲ್ಲಿಸೋಣವೆಂದರೆ ರಂಜಿತಾ ಒಪ್ಪಲಿಲ್ಲ. "ಮಾವ ಬರ್ಲಿಲ್ಲ ಅಂದ್ರೆ ನಾನೊಬ್ಬಳೇ ನಡ್ಕಂಡು ಹೋಗ್ತೀನಮ್ಮ. ಬೇರೆಯವರ ಕೈ ಹಿಡಿಯಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ನಮ್ಮನೆಯವರ ಲೆಕ್ಕ ಬೇರೆ. "ಈ ಗಾಡಿ ಸದ್ದು ಕೇಳಿದ್ರೆ ಭಾವ ಹೊರಗೆ ಬಂದೇ ಬರ್ತಾರೆ, ನೋಡ್ತಿರು."

"ಬಂದು ಮುಖಕ್ಕೆ ಉಗೀತಾನೆ, ಅದನ್ನೂ ನೋಡ್ತೀನಿ" ಎಂದು ಹಿಂದೆ ಹತ್ತಿ ಕುಳಿತೆ.

ಹೊಳಲ್ಕೆರೆಯನ್ನು ಕೊನೆಗೆ ಇಟ್ಟುಕೊಂಡದ್ದು ದಾರಿಗೆ ಅನುಕೂಲ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಹೆದರಿಕೆ. ಎರಡು ದಿನವಾದರೂ ಮುಂದೆ ಹೋಗಲಿ ಅನ್ನಿಸಿತ್ತು.

ಹೈವೇ ಹತ್ತಿದ ಮೊದಲ ಅರ್ಧ ಗಂಟೆ ಗಾಡಿ ಚೆನ್ನಾಗಿಯೇ ಓಡಿತು. ಐಮಂಗಲ ಇನ್ನೂ ಎರಡು ಮೂರು ಕಿಲೋಮೀಟರ್ ಇದೆ ಅನ್ನುವಾಗ ಮುಂದೆಲ್ಲೋ ಲಾರಿಯೊಂದು ಅಡ್ಡ ಬಿದ್ದು, ಗಾಡಿಗಳೆಲ್ಲ ಒಂದರ ಬಾಲ ಒಂದು ಹಿಡಿದು ನಿಂತಿದ್ದವು. ಹತ್ತು ಹೆಜ್ಜೆ ಹೋಗುವುದು, ನಿಲ್ಲುವುದು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ನನ್ನ ಪಾದದ ಹತ್ತಿರ ಒಲೆ ಉರಿ ಬಡಿದಂತೆ ಆಗತೊಡಗಿತು. ಇಂಜಿನ್ನಿನೊಳಗೆ ಯಾರೋ ಚಿಕ್ಕ ಸುತ್ತಿಗೆಯಲ್ಲಿ ಕುಟ್ಟುವಂಥ ಸದ್ದು. ಆಮೇಲೆ ಎಕ್ಸಿಲರೇಟರ್ ತಿರುಗಿಸಿದರೂ ಎಳೆಯಲಿಲ್ಲ. ಹಿಂದಿನ ಚಕ್ರ ಒಮ್ಮೆ ಜಗ್ಗಿ, ಗಾಡಿ ನಿಂತೇಹೋಯಿತು. ಕಿಕ್ಕರ್ ಒತ್ತಿದರೆ ಕಲ್ಲು ಒತ್ತಿದ ಹಾಗೆ, ಕೆಳಗೇ ಹೋಗದು.

ತಳ್ಳಿಕೊಂಡು ಹೋದೆವು. ರಸ್ತೆ ಪಕ್ಕದ ಪಂಚರ್ ಅಂಗಡಿಯಾತ ತಲೆಗೆ ಟವೆಲ್ ಸುತ್ತಿಕೊಂಡು ಬೇವಿನ ನೆರಳಲ್ಲಿ ಕುಳಿತಿದ್ದ. ಗಾಡಿಯನ್ನು ಮುಟ್ಟದೇ ಹೇಳಿದ. "ಇಂಜಿನ್ ಹಿಡ್ಕಂಡೈತೆ. ಆಯಿಲ್ ಕಮ್ಮಿ ಹಾಕೀರಿ. ಆರೋತನಕ ಕುಂತ್ಕಳ್ರಿ, ತಾನೇ ಬಿಡ್ತೈತೆ."

ಮುಕ್ಕಾಲು ಗಂಟೆ ಕುಳಿತೆವು. ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದೆವು. ಅವನ ಮಾತಿನಂತೆ ಟ್ಯಾಂಕಿಗೆ ಇನ್ನಷ್ಟು ಆಯಿಲ್ ಸುರಿದೆವು. ಕಿಕ್ಕರ್ ನಿಜಕ್ಕೂ ತಾನಾಗಿಯೇ ಬಿಟ್ಟಿತು. ಗಾಡಿ ಶುರುವಾದಾಗ ಎದ್ದ ಹೊಗೆಗೆ ಹಿಂದಿನ ಕಾರಿನವನು ಗಾಜು ಏರಿಸಿದ.

"ರೀ, ಪಾಪ ಅದಕ್ಕೆ ಬಿಸಿ ಆಗೈತೆ. ನಿಧಾನಕ್ಕೆ ಓಡಿಸ್ರಿ" ಎಂದೆ. ಅವರು ಮೊದಲೇ ನಿಧಾನದವರು. ಈಗ ಮೂವತ್ತಕ್ಕಿಳಿಸಿದರು. ಲಾರಿ ಬಸ್ಸುಗಳು ಬುಸ್ಸೆಂದು ಪಕ್ಕದಲ್ಲಿ ಹೋಗುವಾಗ ನನ್ನ ಜೀವ ಕೈಯಲ್ಲಿರುತ್ತಿತ್ತು. ಅಷ್ಟು ಜೋಪಾನ ಮಾಡಿದರೂ ಹಿರಿಯೂರಿಗೆ ಮೊದಲು ಇನ್ನೊಂದು ಸಲ ನಿಂತಿತು. ನಲವತ್ತು ಕಿಲೋಮೀಟರಿಗೆ ಐದು ಗಂಟೆ. ಹಿಂದೆ ಅಪ್ಪ ಇದರಲ್ಲೇ ಹಿರಿಯೂರು ಸಂತೆಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರುತ್ತಿದ್ದದ್ದು ನೆನಪಾಗಿ ನನಗೆ ಏನೂ ಅರ್ಥವಾಗಲಿಲ್ಲ.

ಹಿರಿಯೂರಿನಲ್ಲಿ ಚಿಕ್ಕಮ್ಮನ ಮನೆ. ಮುದ್ದೆ, ಹುರುಳಿಕಾಳಿನ ಸಾರು ಬಡಿಸಿ ಉಪಚಾರ ಮಾಡಿದಳು. ಕೈ ತೊಳೆದು ಬಂದು ಪತ್ರಿಕೆ ಚಾಚಿದೆ. ಚಿಕ್ಕಮ್ಮ ಕೈ ಮುಂದೆ ಮಾಡಿದವಳು ತಟ್ಟನೆ ಹಿಂದಕ್ಕೆಳೆದುಕೊಂಡಳು.

"ತಿಪ್ಪೇಸ್ವಾಮಿಗೆ ಕೊಟ್ಟು ಬಂದ್ರೇನೇ?"

"ಶುಕ್ರವಾರ ಹೋಗ್ತೀವಿ ಚಿಕ್ಕಮ್ಮ. ಅದೇ ಕೊನೇದು."

"ಅಯ್ಯೋ ನಿನ್ನ! ಟೀಚರ್ ಆಗಿದ್ದೀಯ, ಅಷ್ಟೂ ಗೊತ್ತಿಲ್ವಾ? ದೇವರ ಮುಂದೆ ಒಂದು ಇಟ್ಟ ಮೇಲೆ ಸೋದರಮಾವಂದು ಕಣೇ ಮೊದಲ್ನೇ ಪತ್ರಿಕೆ! ಮೊದಲೇ ಅವನು ಮುನಿಸ್ಕಂಡವನು. ಊರೆಲ್ಲ ಸುತ್ತಿ ಉಳಿದಿದ್ದು ಅವನಿಗೆ ಕೊಡ್ತೀಯಾ?"

ಚಾಚಿದ ಪತ್ರಿಕೆಯನ್ನು ಮಡಿಲಿಗೆ ಎಳೆದುಕೊಂಡೆ. ಗೊತ್ತಿಲ್ಲದ್ದಲ್ಲ. ಬೇರೆಯವರ ಮನೆ ಮದುವೆಯಲ್ಲಿ ನಾನೇ ಈ ಮಾತನ್ನು ಎಷ್ಟು ಸಲ ಎತ್ತಿ ಆಡಿದ್ದೇನೋ. ಹೆದರಿಕೆಯ ಭರದಲ್ಲಿ ನೆನಪೇ ಆಗಲಿಲ್ಲ. ಇನ್ನು ಹಿರಿಯೂರಿಂದ ಹೊಳಲ್ಕೆರೆಗೆ ಹೋಗಬೇಕೆಂದರೆ ಮತ್ತೆ ದುರ್ಗದ ಮೇಲೇ ಹಾಯಬೇಕು, ಎಪ್ಪತ್ತು ಚಿಲ್ಲರೆ ಕಿಲೋಮೀಟರ್. ಈ ಗಾಡಿಯಲ್ಲಿ ಅದು ಯಾವ ಕಾಲಕ್ಕೆ? ನಮ್ಮನೆಯವರು ನೆಲದ ಮೇಲೆ ಬೆರಳಿನಿಂದ ದಾರಿ ಬರೆದರು, ಅಳಿಸಿದರು, ಮತ್ತೆ ಬರೆದರು. ಹಿಂದಕ್ಕೆ ಹೋಗುವುದೋ ಮುಂದಕ್ಕೆ ಹೋಗುವುದೋ ಒಂದೂ ತೋಚದೆ ನಾವಿಬ್ಬರೂ ಕಣ್ಣು ಕಣ್ಣು ಬಿಡುತ್ತಾ ಕುಳಿತೆವು.

ನಾವು ತೀರ್ಮಾನ ಮಾಡುವಷ್ಟರಲ್ಲಿ ಚಿಕ್ಕಮ್ಮ ಒಳಕೋಣೆಯಿಂದ ಅತ್ತಿಗೆಗೆ ಫೋನ್ ಮಾಡಿಬಿಟ್ಟಿದ್ದಳು. ಒಳ್ಳೆಯದಕ್ಕೇ ಮಾಡಿದಳು ಅನ್ನಿ. ಆದರೆ ಅತ್ತಿಗೆಯ ಪಕ್ಕದಲ್ಲೇ ಅಣ್ಣ ಇದ್ದನಂತೆ. ಚಿಕ್ಕಮ್ಮ ಸ್ಪೀಕರ್ ಹಾಕಿದ್ದರಿಂದ ಅವನ ದನಿ ನನಗೂ ಕೇಳಿಸಿತು. "ಎಲ್ಲರಿಗೂ ಹಂಚಿ ಮಿಕ್ಕರೆ ತರಲಿ ಅನ್ನು. ಮಿಗದಿದ್ರೆ ಬ್ಯಾಡ ಅನ್ನು." ಒಂಬತ್ತು ವರ್ಷದ ಮೇಲೆ ಅಣ್ಣನ ದನಿ ಕೇಳಿದ್ದು ಹೀಗೆ. ಅಳು ಬಂತು, ಅಳಲಿಕ್ಕೂ ನಾಚಿಕೆಯಾಯಿತು.

ಸಂಜೆ ಹಿರಿಯೂರಿನ ಮೆಕ್ಯಾನಿಕ್ ಒಬ್ಬರು ಪ್ಲಗ್ ಬಿಚ್ಚಿ ತೋರಿಸಿದರು. ತುದಿ ಬೆಳ್ಳಗೆ ಸುಣ್ಣ ಬಳಿದ ಹಾಗಿತ್ತು. "ಜಾಸ್ತಿ ಕಾದೈತ್ರಿ. ಆಯಿಲ್ ಸಮಸ್ಯೆ ಅಲ್ಲವೇ ಅಲ್ಲ, ಪ್ಲಗ್ ಸಮಸ್ಯೆ" ಎಂದು ಹೊಸದು ಹಾಕಿದರು. ಐಮಂಗಲದವನು ಹೇಳಿದ್ದು ಸುಳ್ಳೋ ಇವರು ಹೇಳಿದ್ದು ಸುಳ್ಳೋ, ದೇವರಿಗೇ ಗೊತ್ತು.

ದುರ್ಗದ ಮೇಲೆ ಹಿಂದಕ್ಕೆ ಹೋಗುವಷ್ಟು ನಂಬಿಕೆ ಗಾಡಿಯ ಮೇಲಿರಲಿಲ್ಲ, ಮೊದಲು ಹಾಕಿದ ದಾರಿಯಲ್ಲೇ ಮರುದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ದಾರಿ ಖಾಲಿ, ತಂಪು ಗಾಳಿ. ಗಾಡಿ ಕುದುರೆಯ ಹಾಗೆ ಓಡಿತು. ನಮ್ಮನೆಯವರೂ ಹುರುಪಿನಲ್ಲಿ ಐವತ್ತರ ಮೇಲೆ ಬಿಟ್ಟರು. ಹೊಸ ಪ್ಲಗ್ಗಿನ ಮಹಿಮೆ ಎಂದು ಅವರು, ಹೊರಡುವಾಗ ಗಣಪತಿಗೆ ಕೈಮುಗಿದದ್ದರ ಫಲ ಎಂದು ನಾನು. ಇಪ್ಪತ್ತು ಕಿಲೋಮೀಟರ್ ದೂರದ ಮಾರಿಕಣಿವೆಯನ್ನು ಅರ್ಧ ಗಂಟೆಯಲ್ಲಿ ಮುಟ್ಟಿದೆವು.

ಎರಡು ಗುಡ್ಡದ ನಡುವೆ ಕಲ್ಲಿನ ಕಟ್ಟೆ, ಹಿಂದೆ ಕಣ್ಣಿಗೆ ನಿಲುಕದಷ್ಟು ನೀರು. ಅಲ್ಲಿ ನೀರಾವರಿ ಇಲಾಖೆಯಲ್ಲಿರುವ ನಮ್ಮನೆಯವರ ಸಹಪಾಠಿಯ ಮನೆಗೆ ಪತ್ರಿಕೆ ಕೊಟ್ಟೆವು. ಕಾಫಿ ಅಂದವರು ಉಪ್ಪಿಟ್ಟು ಅಂದರು, ಉಪ್ಪಿಟ್ಟು ಆದ ಮೇಲೆ ಹಳೆಯ ಮೇಷ್ಟ್ರುಗಳ ಕಥೆ ತೆಗೆದರು. ಹೊರಬಿದ್ದಾಗ ಹತ್ತೂವರೆ. ದಾರಿಯಲ್ಲಿ ಮೀನು ಹುರಿಯುವ ವಾಸನೆಗೆ ನಮ್ಮನೆಯವರು ಗಾಡಿ ನಿಲ್ಲಿಸಲು ಕಾಲು ಕೆಳಗಿಟ್ಟರು. "ಚೀಲದಾಗೆ ಅಕ್ಷತೆ ಐತೆ. ಸುಮ್ನೆ ನಡೀರಿ" ಎಂದೆ. ಮುಖ ಊದಿಸಿಕೊಂಡು ಮುಂದೆ ಹೋದರು.

ಬಿಸಿಲೇರಿತು. ಹೊಸದುರ್ಗದ ಕಡೆಗೆ ಹಳ್ಳಿಗಳ ಮೇಲೆ ಹೋಗುವ ದಾರಿ. ಗುಂಡಿ, ಉಬ್ಬು, ಕುರಿ ಹಿಂಡು, ರಸ್ತೆ ಮೇಲೆ ಹರಡಿದ ರಾಗಿ ಹುಲ್ಲು. ನಾನು ಹಿಂದಿನಿಂದ "ನಿಧಾನ ರೀ, ನಿಧಾನ" ಎಂದು ಜಪ ಮಾಡುತ್ತಲೇ ಇದ್ದೆ. ಹದಿನೈದು ಇಪ್ಪತ್ತರ ವೇಗದಲ್ಲಿ ತೆವಳಿದೆವು. ಮತ್ತೆ ಅದೇ ಸುತ್ತಿಗೆ ಸದ್ದು, ಅದೇ ಕಾವು, ಅದೇ ಜಗ್ಗು. ಹೊಸ ಪ್ಲಗ್ಗೂ ಗಣಪತಿಯೂ ಒಟ್ಟಿಗೆ ಕೈಬಿಟ್ಟರು.

ತೋಟದ ಬದುವಿನಲ್ಲಿ ಕುಳಿತಿದ್ದ ಒಬ್ಬ ರೈತರು ಎದ್ದು ಬಂದರು. ಪಂಪ್‌ಸೆಟ್ ಪಕ್ಕದಲ್ಲಿದ್ದ ಗೋಣಿಚೀಲವನ್ನು ನೀರಲ್ಲಿ ಅದ್ದಿ ತಂದರು. "ನಮ್ಮ ಡೀಸೆಲ್ ಇಂಜಿನ್ ಕಾದ್ರೆ ಹಿಂಗೇ ಮಾಡೋದು ನಾವು. ಸುತ್ತಿ ಕಟ್ಟಿಬಿಡಾಣ, ಹೊಸದುರ್ಗ ಮುಟ್ಟೋತನಕ ತಣ್ಣಗಿರ್ತೈತೆ."

"ಕಾದ ಕಬ್ಬಿಣಕ್ಕೆ ತಣ್ಣೀರು ಹಾಕಬಹುದೇನ್ರಿ?" ಎಂದು ನಾನು ಕೇಳಿದೆ. ಗಂಡಸರಿಬ್ಬರೂ ನನ್ನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಸ್ವಲ್ಪ ಆರಿದ ಮೇಲೆ ಇಂಜಿನ್ನಿಗೆ ಗೋಣಿ ಸುತ್ತಿ ಹಗ್ಗ ಬಿಗಿದರು. ಚುಂಯ್ ಎಂದು ಆವಿ ಎದ್ದಿತು. ಐದಾರು ಕಿಲೋಮೀಟರ್ ಪರವಾಗಿಲ್ಲ ಅನ್ನಿಸಿತು. ಆಮೇಲೆ ಗೋಣಿ ಒಣಗಿತು. ಒಣಗಿ ಕಮಟು ವಾಸನೆ ಬಂತು. ನೋಡಿದರೆ ಅಂಚಿನಿಂದ ಹೊಗೆ! ನಾನು ಓಡುತ್ತಿದ್ದ ಗಾಡಿಯಿಂದಲೇ ಹಾರಿದೆ. ನಮ್ಮನೆಯವರು ಹಗ್ಗ ಕಿತ್ತು ಗೋಣಿಯನ್ನು ಹಳ್ಳಕ್ಕೆಸೆದರು.

ಆಮೇಲೆ ದಾರಿಯುದ್ದ ಎಲ್ಲಿ ಮರ ಸಿಕ್ಕರೆ ಅಲ್ಲಿ ನಿಂತೆವು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ರೆಕ್ಕೆ ಚಾಚಿ ಸುಮ್ಮನೆ ನಿಂತಿದ್ದವು. ಒಂದೂ ತಿರುಗುತ್ತಿರಲಿಲ್ಲ. ಮೊಬೈಲು ಮೂವತ್ತೊಂಬತ್ತು ಡಿಗ್ರಿ ತೋರಿಸುತ್ತಿತ್ತು. ಅಣ್ಣನ ಮಾತು ಬೇರೆ ಕಿವಿಯಲ್ಲಿ ಕೊರೆಯುತ್ತಿತ್ತು. ಹೊಸದುರ್ಗ ಮುಟ್ಟುವ ಹೊತ್ತಿಗೆ ನನ್ನ ತಲೆ ಮೊಸರು ಗಡಿಗೆಯಾಗಿತ್ತು.

ಹೊಸದುರ್ಗದಲ್ಲಿ ನಾದಿನಿಯ ಮನೆಯಲ್ಲಿ ಉಳಿದೆವು. ಅವಳ ಬೀದಿಯ ಮೆಕ್ಯಾನಿಕ್ ಗಾಡಿಯ ಮುಂದೆ ಬಂದು ನಿಂತವನೇ ನಗತೊಡಗಿದ. "ಇದ್ಯಾವ ಪುಣ್ಯಾತ್ಮರು ರೆಕ್ಸಿನ್ ಕಟ್ಟಿದ್ದು? ಇಂಜಿನ್ ಮುಂದೆ ಬಾಗಿಲು ಹಾಕಿದಂಗೈತಲ್ರಿ!"

ನಮ್ಮನೆಯವರು ನನ್ನ ಕಡೆ ತಿರುಗಿ ನೋಡಿದರು. ಆ ನೋಟಕ್ಕಿಂತ ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು. ಮೆಕ್ಯಾನಿಕ್ ರೆಕ್ಸಿನ್ ಬಿಚ್ಚಿ ಮಡಚಿ ನನ್ನ ಕೈಗೇ ಕೊಟ್ಟ. ಸದ್ಯ, ಕಾರಣ ಸಿಕ್ಕಿತಲ್ಲ ಎಂದು ನೆಮ್ಮದಿಯೂ ಆಯಿತು.

ಆ ಸಂಜೆ ಧೈರ್ಯ ಮಾಡಿ ಅತ್ತಿಗೆಗೆ ಫೋನ್ ಮಾಡಿದೆ. "ನಾಳೆ ಬರ್ತೀವಿ ಅತ್ತಿಗೆ. ಅಣ್ಣ ಮನೇಲಿ ಇರ್ತಾನಾ?"

"ಇರ್ತಾರೆ ರತ್ನಾ. ಆದ್ರೆ ಹೆಂಗಿರ್ತಾರೋ ನನಗೆ ಗೊತ್ತಿಲ್ಲ. ಬಾ ಅನ್ನಾಕೂ ಭಯ, ಬರಬ್ಯಾಡ ಅನ್ನಾಕೂ ಮನಸಿಲ್ಲ" ಎಂದಳು. ಇದನ್ನು ಹೇಗೆ ತಿಳಿದುಕೊಳ್ಳಬೇಕೆಂದು ಊಟದ ಹೊತ್ತಿನವರೆಗೂ ಯೋಚಿಸಿದೆ, ಹೊಳೆಯಲಿಲ್ಲ.

ಶುಕ್ರವಾರ ಹೊಸದುರ್ಗದ ಮನೆಗಳನ್ನು ಮುಗಿಸುವಾಗ ಹತ್ತೂವರೆ ದಾಟಿತ್ತು. ಹೊಳಲ್ಕೆರೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ರೆಕ್ಸಿನ್ ಹೋಯಿತಲ್ಲ, ಇನ್ನು ತೊಂದರೆಯಿಲ್ಲ ಎಂದುಕೊಂಡೆವು. ಆದರೂ ಎರಡು ದಿನ ನರಳಿದ ಗಾಡಿ, ಸುಸ್ತು ಮಾಡಬಾರದು ಎಂದು ಇಪ್ಪತ್ತೈದರ ಮೇಲೆ ಹೋಗಗೊಡಲಿಲ್ಲ ನಾನು. ಹನ್ನೆರಡು ಕಿಲೋಮೀಟರಿಗೆ ಸದ್ದು ಶುರುವಾಯಿತು. ನಾನು "ಇನ್ನೂ ನಿಧಾನ" ಎಂದೆ. ಹದಿನೆಂಟಕ್ಕೆ ನಿಂತಿತು. ಬೇವಿನ ಮರದ ಕೆಳಗೆ ಮಜ್ಜಿಗೆ ಮಾರುತ್ತಿದ್ದ ಅಜ್ಜಿಯ ಹತ್ತಿರ ಎರಡೆರಡು ಲೋಟ ಕುಡಿದು, ಆರಿಸಿಕೊಂಡು ಮತ್ತೆ ಹೊರಟೆವು. ಮತ್ತೆ ನಿಂತಿತು.

ಆಯಿಲ್ ಹಾಕಿಯಾಯಿತು. ಪ್ಲಗ್ ಹೊಸದು. ಗೋಣಿ ಸುಟ್ಟದ್ದಾಯಿತು. ರೆಕ್ಸಿನ್ ಚೀಲದಲ್ಲಿದೆ. ಹಾಗಾದರೆ ಇದಕ್ಕೆ ಇನ್ನೇನು ಬೇಕು?

"ನಿಮ್ಮಪ್ಪಂಗೇ ಇಷ್ಟ ಇಲ್ಲವೇನೋ, ಇದರಾಗೆ ಹೊಳಲ್ಕೆರೆಗೆ ಹೋಗೋದು" ಎಂದರು ನಮ್ಮನೆಯವರು.

"ನಮ್ಮಪ್ಪನ ಸುದ್ದಿಗೆ ಬರಬ್ಯಾಡ್ರಿ ನೀವು!" ಎಂದು ಕಿರುಚಿಬಿಟ್ಟೆ. ದಾರಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಇಳಿದು ನಿಂತು ನೋಡಿದ.

ಹೊಳಲ್ಕೆರೆ ಇನ್ನೊಂದು ಕಿಲೋಮೀಟರ್ ಅನ್ನುವಾಗ ನಿಂತದ್ದು ಮತ್ತೆ ಏಳಲಿಲ್ಲ. ನಡು ಮಧ್ಯಾಹ್ನ. ಅವರು ಹ್ಯಾಂಡಲ್ ಹಿಡಿದರು, ನಾನು ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ತಳ್ಳಿದೆ. ಸದ್ದು ಕೇಳಿ ಭಾವ ಹೊರಗೆ ಬರುತ್ತಾರೆ ಎಂದಿದ್ದರಲ್ಲ. ನಮ್ಮ ಗಾಡಿಯಿಂದ ಚೈನಿನ ಕಿರಕಿರ ಬಿಟ್ಟರೆ ಸದ್ದೇ ಇರಲಿಲ್ಲ.

ಅಣ್ಣ ಜಗಲಿಯ ಮೇಲೇ ಕುಳಿತಿದ್ದ. ಅರವತ್ತು ದಾಟಿದವನು, ತಲೆ ಪೂರ್ತಿ ಬೆಳ್ಳಗಾಗಿತ್ತು. ನನಗೆ ಅಪ್ಪನನ್ನೇ ಕಂಡಂತಾಯಿತು. ಎದ್ದು ಬಂದ. "ಬರ್ರಿ" ಅನ್ನಲಿಲ್ಲ. ನನ್ನ ಮುಖ ನೋಡಲಿಲ್ಲ. ಅತ್ತಿಗೆ ನೀರು ತಂದುಕೊಟ್ಟು ಕಣ್ಣಲ್ಲೇ ಸುಮ್ಮನಿರು ಎಂದಳು. ನಾನು ಕುಂಕುಮದ ಭರಣಿ ತೆಗೆದು, ಪತ್ರಿಕೆ ಚಾಚಿದೆ.

"ಅಣ್ಣಾ, ತಪ್ಪಾತು. ನಿನಗೇ ಮೊದಲು ತರಬೇಕಿತ್ತು. ನನಗೆ ಭಯ ಆತು."

ಅವನು ತೆಗೆದುಕೊಳ್ಳಲಿಲ್ಲ. "ಅಲ್ಲಿಡು" ಎಂದು ಜಗಲಿ ತೋರಿಸಿದ. ಆಮೇಲೆ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಬೆರಳಿಗೆ ಉಗುಳು ಹಚ್ಚಿ ಇಂಜಿನ್ನಿಗೆ ತಾಗಿಸಿ ತಟ್ಟನೆ ತೆಗೆದ.

"ಏನ್ ಮಾಡಿದ್ರಿ ಇದಕ್ಕೆ?"

ನಮ್ಮನೆಯವರು ಮೂರು ದಿನದ ಕಥೆಯನ್ನೂ ಒಪ್ಪಿಸಿದರು. ಅಣ್ಣ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ. "ಎಷ್ಟು ಸ್ಪೀಡಲ್ಲಿ ಬಂದ್ರಿ?"

"ಇಪ್ಪತ್ತು, ಇಪ್ಪತ್ತೈದು. ಕಾದೈತೆ ಅಂತ ಜೋಪಾನವಾಗಿ..."

"ಎತ್ತಿನ ಗಾಡಿ ಅನ್ಕಂಡ್ರಾ?" ಅಣ್ಣನ ದನಿ ಏರಿತು. "ಈ ಪಟ್ಟಿ ಯಾಕೆ ಕೊಟ್ಟವ್ರೆ ಹೇಳ್ರಿ? ಇದು ಕಾರಲ್ಲ, ಇದರೊಳಗೆ ನೀರಿಲ್ಲ. ಈ ಗಾಡಿ ಗಾಳಿ ಕುಡಿದು ಬದುಕೋದು. ಓಡಿದ್ರೆ ಗಾಳಿ, ಗಾಳಿ ಬಂದ್ರೆ ತಂಪು. ಇಂಥ ಬಿಸಿಲಾಗೆ, ಇಬ್ಬರು ಕುಂತ್ಕಂಡು, ಕಾಯ್ತು ಅಂತ ನಿಧಾನ ಮಾಡಿದ್ರೆ ಇನ್ನೂ ಕಾಯ್ತೈತೆ. ಇನ್ನೂ ನಿಧಾನ ಮಾಡಿದ್ರೆ ಇನ್ನೂ ಕಾಯ್ತೈತೆ. ಮೂರು ದಿನ ಇದನ್ನ ಬೇಯ್ಸಿದ್ದೀರಲ್ರಿ!"

ನಾನು ತಲೆ ತಗ್ಗಿಸಿದೆ. ನಿಧಾನ, ನಿಧಾನ ಎಂದು ಮೂರು ದಿನ ಬಾಯಿ ಬಡಿದುಕೊಂಡವಳು ನಾನೇ ತಾನೆ? ಇನ್ನೊಂದೂ ಹೊಳೆಯಿತು. ಅಪ್ಪ ಇದನ್ನು ನಿಧಾನಸ್ಥನೆಂದು ಅಳಿಯನಿಗೆ ಕೊಟ್ಟರು, ಜೋರಾಗಿ ಓಡಿಸುವವನಿಂದ ಕಿತ್ತುಕೊಂಡರು. ಅಪ್ಪನಿಗೆ ಗಾಡಿಯ ಗುಣ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಮಗನ ಜೀವಕ್ಕೆ ಹೆದರಿದರೋ. ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಣ್ಣ ಒಂದು ಗಂಟೆ ಅದರ ಪಕ್ಕದಿಂದ ಏಳಲಿಲ್ಲ. ಆರಿದ ಮೇಲೆ ಬಟ್ಟೆಯಲ್ಲಿ ಪಟ್ಟಿಗಳ ಸಂದಿಯ ಮಣ್ಣು, ಸುಟ್ಟ ಗೋಣಿನಾರು ತೆಗೆದ. ಎರಡೇ ಕಿಕ್ಕಿಗೆ ಗಾಡಿ ಎದ್ದಿತು. "ಒಂದು ರೌಂಡು ನೋಡ್ಕಂಡ್ ಬರ್ತೀನಿ" ಎಂದು ಯಾರಿಗೋ ಹೇಳಿದ ಹಾಗೆ ಹೇಳಿ ಹತ್ತಿದ. ಬೀದಿ ತಿರುವಿನಲ್ಲಿ ಗೇರ್ ಬದಲಿಸಿದ ಸದ್ದು ಕೇಳಿಸಿತು. ಆಮೇಲೆ ಸದ್ದು ದೂರವಾಗುತ್ತಾ ಹೋಯಿತು. ಆಗ ಎರಡು ಗಂಟೆ.

ಅತ್ತಿಗೆ ಅನ್ನ ಬಡಿಸಿದಳು. ಅಣ್ಣ ಬರಲಿ ಎಂದು ಕಾದೆವು. ಎರಡೂವರೆ ಆಯಿತು, ಮೂರಾಯಿತು. ಫೋನ್ ಮಾಡಿದರೆ ಅದು ಜಗಲಿಯ ಮೇಲೆ, ನಾನಿಟ್ಟಿದ್ದ ಪತ್ರಿಕೆಯ ಪಕ್ಕದಲ್ಲೇ ರಿಂಗಾಯಿತು. "ಮತ್ತೆ ಹಿಡ್ಕಂತೇನೋ. ಎಲ್ಲೋ ತಳ್ಕಂಡು ಬರ್ತಿರಬೇಕು" ಎಂದರು ನಮ್ಮನೆಯವರು. ಪಕ್ಕದ ಮನೆಯವರ ಸ್ಕೂಟರ್ ತೆಗೆದುಕೊಂಡು ಹೊಸದುರ್ಗದ ರಸ್ತೆಯಲ್ಲಿ ಐದು ಕಿಲೋಮೀಟರ್ ಹುಡುಕಿ ಬಂದರು. ಇಲ್ಲ.

ಮೂರೂವರೆಗೆ ಅತ್ತಿಗೆ ದೇವರ ಕೋಣೆಗೆ ಹೋಗಿ ದೀಪ ಹಚ್ಚಿದಳು. ನನಗೆ ಅಪ್ಪನ ಮಾತು ನೆನಪಾಯಿತು. ನೀನೂ ಉಳಿಯಲ್ಲ ಎಂದಿದ್ದರಲ್ಲ. ಅಯ್ಯೋ, ಮಗಳ ಮದುವೆಗೆ ಕರೆಯಲು ಬಂದು ಅಣ್ಣನ ಜೀವ ತೆಗೆದೆನಾ? ಯಾವ ಘಳಿಗೆಯಲ್ಲಿ ಈ ಗಾಡಿ ಹತ್ತಿದೆನೋ ಎಂದು ಜಗಲಿಯ ಮೇಲೆ ಕುಳಿತು ಅತ್ತೆ. ಅತ್ತಿಗೆಯೂ ಬಂದು ಪಕ್ಕದಲ್ಲಿ ಕುಳಿತು ಅತ್ತಳು. ನಮ್ಮನೆಯವರು ಅಂಗಳದಲ್ಲಿ ಗರ ಬಡಿದವರ ಹಾಗೆ ನಿಂತಿದ್ದರು.

ನಾಲ್ಕಕ್ಕೆ ನನ್ನ ಫೋನ್ ರಿಂಗಾಯಿತು. ರಂಜಿತಾ.

"ಅಮ್ಮಾ, ಏನಮ್ಮ ಇದು? ನಾನು ಬ್ಲೌಸ್ ತರೋಕೆ ಟೈಲರ್ ಹತ್ರ ಹೋಗಿದ್ದೆ. ಬಂದು ನೋಡಿದ್ರೆ ತಿಪ್ಪೇಸ್ವಾಮಿ ಮಾವ ನಮ್ಮನೆ ಮೆಟ್ಲ ಮೇಲೆ ಕುಂತವ್ರೆ! ಒಂದು ಗಂಟೆಯಿಂದ ಬಿಸಿಲಾಗೆ ಕಾಯ್ತಿದ್ರಂತೆ."

ಸೆರಗಿನಿಂದ ಕಣ್ಣೊರೆಸಿಕೊಂಡೆ. "ಏನಂದ ಅವನು?"

"ಪತ್ರಿಕೆ ಕೊಡು ಅಂದ್ರು. ಕೊಡೋಕೆ ಹೋದ್ರೆ, ಹಂಗಲ್ಲ, ಕುಂಕುಮ ಇಟ್ಟು ಕೊಡು ಅಂದ್ರು. ಈಗ ಓದ್ತಾ ಕುಂತವ್ರೆ. ಮದುಮಗಳ ಹೆಸರು ಇನ್ನೊಂಚೂರು ದೊಡ್ಡದಾಗಿ ಹಾಕಿಸಬೇಕಿತ್ತು ಅಂತಾರೆ."

ಅತ್ತಿಗೆ ಫೋನ್ ಕಸಿದುಕೊಂಡು ಮತ್ತೊಮ್ಮೆ ಕೇಳಿಸಿಕೊಂಡಳು. ನಮ್ಮನೆಯವರು ಅಂಗಳದಲ್ಲೇ ಕುಸಿದು ಕುಳಿತು ನಗತೊಡಗಿದರು. ಯಾರೂ ಮುಟ್ಟದೆ ಬಿಟ್ಟಿದ್ದ ಅನ್ನವನ್ನು ಮೂವರೂ ಗಬಗಬ ಉಂಡೆವು.

ಅತ್ತಿಗೆ ಮನೆಗೆ ಬೀಗ ಹಾಕಿ ನಮ್ಮ ಜೊತೆ ಹೊರಟಳು. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಸರ್ಕಾರಿ ಬಸ್ಸು ಸಿಕ್ಕಿತು. ಹೆಂಗಸರು ನಮ್ಮಿಬ್ಬರಿಗೆ ಆಧಾರ್ ಕಾರ್ಡು ತೋರಿಸಿದರೆ ಸಾಕಾಯಿತು, ನಮ್ಮನೆಯವರೊಬ್ಬರು ಟಿಕೆಟ್ ತೆಗೆದುಕೊಂಡರು. ಕಿಟಕಿಯ ಪಕ್ಕ ಕುಳಿತು ದಾರಿ ನೋಡಿದೆ. ಮೂವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಎಷ್ಟು ಊರು, ಎಷ್ಟು ಕವಲುದಾರಿ, ಎಷ್ಟು ಪೆಟ್ರೋಲ್ ಬಂಕು. ಎಲ್ಲಿಯಾದರೂ ಅವನು ಹಿಂದಕ್ಕೆ ಬರಬಹುದಿತ್ತು.

ದುರ್ಗ ಮುಟ್ಟಿದಾಗ ಇನ್ನೂ ಬೆಳಕಿತ್ತು. ಗೇಟಿನ ಒಳಗೆ ಗಾಡಿ ನಿಂತಿತ್ತು. ಮುಟ್ಟಿ ನೋಡಿದೆ, ತಣ್ಣಗಿತ್ತು. ಅಣ್ಣ ಕುರ್ಚಿಯ ಮೇಲೆ ಕಾಫಿ ಲೋಟ ಹಿಡಿದು ಕುಳಿತಿದ್ದ, ಹಣೆಯ ಮೇಲೆ ಕುಂಕುಮ. ನನ್ನನ್ನು ನೋಡಿ ಮುಖ ಬಿಗಿ ಮಾಡಿಕೊಳ್ಳಲು ನೋಡಿದ, ಆಗಲಿಲ್ಲ.

"ನೀನು ಕರೆದೆ ಅಂತ ಬಂದಿಲ್ಲ ಕಣೇ ರತ್ನಿ" ಎಂದ. "ನಿಲ್ಲಿಸಿದ್ರೆ ಇಂಜಿನ್ ಕಾಯ್ತೈತೆ. ತಿರುಗಿಸಾಣ ಅಂದ್ರೆ, ದಾರೀಲಿ ಎಲ್ಲೂ ಜಾಗ ಸಿಗ್ಲಿಲ್ಲ."